‘ಆ್ಯಪ್ ನಿಂತುಹೋಗಿದೆ’ ಎಂದು ಬಂದರೆ ಫೋನ್ ಹ್ಯಾಕ್ ಆಗಿದೆ ಎಂದರ್ಥವೇ?

ಫೋನಿನಲ್ಲಿ ಏನೋ ಕೆಲಸ ಮಾಡುತ್ತಿರುತ್ತೀರಿ. ತೆರೆದಿದ್ದ ಆ್ಯಪ್ ತಟ್ಟನೆ ಮುಚ್ಚಿಕೊಳ್ಳುತ್ತದೆ. ‘ಆ್ಯಪ್ ನಿಂತುಹೋಗಿದೆ’ ಎಂಬ ಸಣ್ಣ ಚೌಕ ಬರುತ್ತದೆ. ಮತ್ತೆ ತೆರೆದರೆ ಮತ್ತೆ ಅದೇ. ಇಂಥ ಹೊತ್ತಿಗೆ ಸರಿಯಾಗಿ ವಾಟ್ಸ್ಆ್ಯಪ್ ಗುಂಪಿಗೆ ಒಂದು ಫಾರ್ವರ್ಡ್ ಬಂದು ಬೀಳುತ್ತದೆ: ಹೀಗಾದರೆ ನಿಮ್ಮ ಫೋನ್ ಹ್ಯಾಕ್ ಆಗಿದೆ, ಕೂಡಲೇ ಕೆಳಗಿನ ಫೈಲ್ ಹಾಕಿಕೊಳ್ಳಿ, ಹತ್ತು ಜನರಿಗೆ ಕಳಿಸಿ. ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯ ಗುಂಪುಗಳಿರಲಿ, ಬೆಂಗಳೂರಿನ ಅಪಾರ್ಟ್‌ಮೆಂಟ್ ಗುಂಪುಗಳಿರಲಿ, ಈ ಸಂದೇಶಗಳ ಧಾಟಿ ಒಂದೇ.

ಮೊದಲೇ ಹೇಳಿಬಿಡುತ್ತೇವೆ. ಆ್ಯಪ್ ತಾನಾಗಿ ಮುಚ್ಚಿಕೊಳ್ಳುವುದು ಹ್ಯಾಕಿಂಗ್‌ನ ಗುರುತಲ್ಲ. ಅದು ಸಾಮಾನ್ಯವಾಗಿ ಆ್ಯಪ್ ಮಾಡಿದವರ, ಇಲ್ಲವೇ ಅದನ್ನು ನಡೆಸುವ ವ್ಯವಸ್ಥೆಯ ತಪ್ಪು. ಅಂಥ ತಪ್ಪುಗಳಲ್ಲಿ ತೀರಾ ಆಳದಲ್ಲಿರುವ, ಎಂಜಿನಿಯರ್‌ಗಳ ನಿದ್ದೆ ಕೆಡಿಸುವ ಒಂದು ಜಾತಿಯನ್ನು ಇಲ್ಲಿ ಬಿಡಿಸಿ ನೋಡೋಣ. ಅದಕ್ಕೆ ‘ಕಾಲಿಂಗ್ ಕನ್ವೆನ್ಷನ್’ ದೋಷ ಎನ್ನುತ್ತಾರೆ. ಎಲ್ಲ ಕ್ರ್ಯಾಶ್‌ಗಳಿಗೂ ಇದೇ ಕಾರಣ ಎಂದು ನಾವು ಹೇಳುತ್ತಿಲ್ಲ. ಮೆಮೊರಿ ಸಾಲದಿರುವುದು, ಬರಬೇಕಾದ ಮಾಹಿತಿ ಬಾರದೇ ಇರುವುದು ಇದಕ್ಕಿಂತ ಹೆಚ್ಚು ಸಾಮಾನ್ಯ. ಆದರೆ ‘ಅಣ್ಣನ ಫೋನಿನಲ್ಲಿ ನಡೆಯುವ ಆ್ಯಪ್ ನನ್ನ ಫೋನಿನಲ್ಲಿ ಯಾಕೆ ನಿಲ್ಲುತ್ತದೆ?’ ಎಂಬ ಪ್ರಶ್ನೆಗೆ ಇದರಷ್ಟು ಚೆನ್ನಾಗಿ ಉತ್ತರ ಕೊಡುವ ಉದಾಹರಣೆ ಬೇರೆ ಸಿಗಲಿಕ್ಕಿಲ್ಲ.

ಕರೆಂಟು ಒಂದೇ, ಕೌಂಟರು ಬೇರೆ

ಬೆಳಗಾವಿ ಜಿಲ್ಲೆಯವರಿಗೆ ಗೊತ್ತಿರುವ ಸಂಗತಿಯಿಂದಲೇ ಶುರು ಮಾಡೋಣ. ಗೋಕಾಕದಲ್ಲಿ ಮನೆಗೆ ಕರೆಂಟು ಕೊಡುವುದು ಹೆಸ್ಕಾಂ. ಪಕ್ಕದ ಹುಕ್ಕೇರಿ ತಾಲ್ಲೂಕಿನಲ್ಲಿ ಕೊಡುವುದು ಹುಕ್ಕೇರಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ. 1969ರಲ್ಲಿ ಹುಟ್ಟಿದ ಈ ಸಂಘ ಕರ್ನಾಟಕದಲ್ಲಿ ವಿದ್ಯುತ್ ಹಂಚುವ ಏಕೈಕ ಸಹಕಾರಿ ಸಂಘ. ತಂತಿಯಲ್ಲಿ ಹರಿಯುವ ಕರೆಂಟು ಎರಡೂ ಕಡೆ ಒಂದೇ. ಬಲ್ಬು ಒಂದೇ, ಪಂಪ್‌ಸೆಟ್ ಒಂದೇ. ಆದರೆ ಬಿಲ್ಲು ಬೇರೆ, ಗ್ರಾಹಕರ ಸಂಖ್ಯೆ ಬೇರೆ, ದುಡ್ಡು ಕಟ್ಟುವ ಜಾಗ ಬೇರೆ. ಗೋಕಾಕದ ಬಿಲ್ಲು ಹಿಡಿದು ಹುಕ್ಕೇರಿಯ ಕೌಂಟರಿಗೆ ಹೋದರೆ ನಿಮ್ಮದೂ ತಪ್ಪಿಲ್ಲ, ಅಲ್ಲಿ ಕುಳಿತವರದೂ ತಪ್ಪಿಲ್ಲ. ಯಾವ ಸಂಖ್ಯೆ ಎಲ್ಲಿ ಕೊಡಬೇಕು ಎಂಬ ಒಪ್ಪಂದ ಎರಡು ಕಡೆ ಬೇರೆಯಾಗಿದೆ, ಅಷ್ಟೇ. ಈಗ ಆ ಕೌಂಟರಿನಲ್ಲಿ ಮನುಷ್ಯರ ಬದಲು ಯಂತ್ರ ಕುಳಿತಿದೆ, ಅದು ‘ಇದು ನಮ್ಮ ಬಿಲ್ಲಲ್ಲ’ ಎಂದು ಹೇಳುವುದೇ ಇಲ್ಲ, ಕೊಟ್ಟ ಸಂಖ್ಯೆಯನ್ನು ತನ್ನದೇ ಗ್ರಾಹಕರದ್ದೆಂದು ಓದಿಕೊಂಡು ಮುಂದೆ ಹೋಗುತ್ತದೆ ಎಂದುಕೊಳ್ಳಿ. ಕಾಲಿಂಗ್ ಕನ್ವೆನ್ಷನ್ ದೋಷ ಎಂದರೆ ಇದೇ.

ಫೋನಿನೊಳಗೆ ಎರಡು ಊರು

ಆಂಡ್ರಾಯ್ಡ್ ಫೋನಿನ ಆ್ಯಪ್‌ಗಳಲ್ಲಿ ಹೆಚ್ಚಿನವು ಜಾವಾ ಅಥವಾ ಕೋಟ್ಲಿನ್ ಭಾಷೆಯಲ್ಲಿ ಬರೆದವು. ಅವನ್ನು ಪ್ರೊಸೆಸರ್ ನೇರವಾಗಿ ಓದಲಾರದು. ನಡುವೆ ಒಂದು ವರ್ಚುವಲ್ ಮಷೀನ್ ಬೇಕು. ವರ್ಚುವಲ್ ಮಷೀನ್ ಎಂದರೆ ತಂತ್ರಾಂಶದಲ್ಲೇ ಕಟ್ಟಿದ ಯಂತ್ರ. ಆಂಡ್ರಾಯ್ಡ್‌ನಲ್ಲಿ ಮೊದಲಿದ್ದದ್ದು ಡಾಲ್ವಿಕ್. ಅದನ್ನು ಬರೆದ ಡ್ಯಾನ್ ಬಾರ್ನ್‌ಸ್ಟೈನ್ ಐಸ್‌ಲ್ಯಾಂಡ್ ದೇಶದ ಒಂದು ಮೀನುಗಾರರ ಊರಿನ ಹೆಸರನ್ನು ಅದಕ್ಕಿಟ್ಟರು. 2014ರಲ್ಲಿ ಬಂದ ಆಂಡ್ರಾಯ್ಡ್ 5.0ರಿಂದ ಅದರ ಜಾಗಕ್ಕೆ ‘ಆರ್ಟ್’ ಬಂತು. ಆಂಡ್ರಾಯ್ಡ್ ರನ್‌ಟೈಮ್ ಎಂಬುದರ ಚಿಕ್ಕ ಹೆಸರು ಅದು, ಚಿತ್ರಕಲೆಗೂ ಅದಕ್ಕೂ ಸಂಬಂಧವಿಲ್ಲ.

ಆದರೆ ಎಲ್ಲ ಕೆಲಸವೂ ಈ ವರ್ಚುವಲ್ ಮಷೀನ್‌ನೊಳಗೇ ಮುಗಿಯುವುದಿಲ್ಲ. ವೇಗ ಬೇಕಾದ ಕೆಲಸಗಳನ್ನು, ಅಂದರೆ ಫೋಟೊ ಕುಗ್ಗಿಸುವುದು, ವಿಡಿಯೊ ತೋರಿಸುವುದು, ಗುಟ್ಟಾಗಿಡಬೇಕಾದ ಮಾಹಿತಿಯನ್ನು ಸಂಕೇತಕ್ಕೆ ತಿರುಗಿಸುವುದು ಇಂಥವನ್ನು, ಸಿ ಅಥವಾ ಸಿ++ ಭಾಷೆಯಲ್ಲಿ ಬರೆದಿರುತ್ತಾರೆ. ಅದು ನೇರವಾಗಿ ಪ್ರೊಸೆಸರ್ ಮೇಲೆ ಓಡುತ್ತದೆ. ಅದಕ್ಕೆ ನೇಟಿವ್ ಕೋಡ್ ಎಂದು ಹೆಸರು. ಹಾಗಾಗಿ ನಿಮ್ಮ ಫೋನಿನೊಳಗೆ ಎರಡು ಊರುಗಳಿವೆ, ನಡುವೆ ಒಂದು ಗಡಿ ಇದೆ. ಗಡಿ ದಾಟಿಸುವ ಸೇತುವೆಗೆ ಜಾವಾ ನೇಟಿವ್ ಇಂಟರ್‌ಫೇಸ್, ಚಿಕ್ಕದಾಗಿ ಜೆಎನ್‌ಐ, ಎನ್ನುತ್ತಾರೆ.

ಈ ಗಡಿ ದೂರದ್ದೇನೂ ಅಲ್ಲ. ಆಂಡ್ರಾಯ್ಡ್ ಫೋನಿನಲ್ಲಿ ಕನ್ನಡ ಓದುವಾಗಲೆಲ್ಲ ಅದು ದಾಟಿಹೋಗುತ್ತಿರುತ್ತದೆ. ‘ಹುಕ್ಕೇರಿ’ ಎಂಬ ಪದ ಫೋನಿನ ಮೆಮೊರಿಯಲ್ಲಿ 8 ಯೂನಿಕೋಡ್ ಸಂಕೇತಗಳಾಗಿ ಕುಳಿತಿದೆ: ಹ, ಅದರ ಉಕಾರ, ಕ, ವಿರಾಮ, ಇನ್ನೊಂದು ಕ, ಏಕಾರ, ರ, ಇಕಾರ. ಪರದೆಯ ಮೇಲೆ ಕಾಣುವುದು ಮೂರೇ ಅಕ್ಷರ, ನಡುವಿನದಕ್ಕೆ ಒತ್ತು ಬೇರೆ. ಒತ್ತನ್ನು ಎಲ್ಲಿ ಇಳಿಸಬೇಕು, ಏತ್ವವನ್ನು ಎಲ್ಲಿ ಸೇರಿಸಬೇಕು ಎಂದು ಲೆಕ್ಕ ಹಾಕುವುದು ಹಾರ್ಫ್‌ಬಜ್ ಎಂಬ ನೇಟಿವ್ ತಂತ್ರಾಂಶ. ಕನ್ನಡ, ತೆಲುಗು, ಮಲಯಾಳಂ ಲಿಪಿಗಳಿಗೆ ಆಂಡ್ರಾಯ್ಡ್ ಬೆಂಬಲ ಬಂದದ್ದು 2012ರ 4.1 ಆವೃತ್ತಿಯಲ್ಲಿ. ಅಲ್ಲಿಂದ ಇಲ್ಲಿಯವರೆಗೆ ನೀವು ಕಳಿಸಿದ, ಪಡೆದ ಒಂದೊಂದು ಕನ್ನಡ ಸಂದೇಶವೂ ಪರದೆಗೆ ಬರುವ ಮುನ್ನ ಈ ಗಡಿ ದಾಟಿ ಬಂದಿದೆ.

ಯಾವ ಸಾಮಾನು ಯಾವ ಕೈಯಲ್ಲಿ?

ಒಂದು ಪ್ರೋಗ್ರಾಂ ತುಣುಕು ಇನ್ನೊಂದನ್ನು ಕರೆದು ‘ಈ ಕೆಲಸ ಮಾಡಿಕೊಡು’ ಎನ್ನುವಾಗ ನಾಲ್ಕಾರು ವಿಷಯ ಮೊದಲೇ ಒಪ್ಪಿಕೊಂಡಿರಬೇಕು. ಕೊಡುವ ಮಾಹಿತಿ ಎಲ್ಲಿಡಬೇಕು, ಉತ್ತರ ಎಲ್ಲಿ ಸಿಗುತ್ತದೆ, ಕೆಲಸ ಮುಗಿಸಿ ಎಲ್ಲಿಗೆ ಮರಳಬೇಕು, ಬಳಸಿದ ಜಾಗವನ್ನು ಯಾರು ತೆರವು ಮಾಡಬೇಕು. ಈ ಒಪ್ಪಂದದ ಹೆಸರೇ ಕಾಲಿಂಗ್ ಕನ್ವೆನ್ಷನ್, ಕನ್ನಡದಲ್ಲಿ ಕರೆಯುವ ಕರಾರು ಎನ್ನಬಹುದು.

ಇಂದಿನ ಬಹುಪಾಲು ಫೋನುಗಳಲ್ಲಿರುವುದು 64 ಬಿಟ್‌ನ ಆರ್ಮ್ ಪ್ರೊಸೆಸರ್. ಅದರಲ್ಲಿ ಎಕ್ಸ್-0ರಿಂದ ಎಕ್ಸ್-30ರವರೆಗೆ 31 ಸಾಮಾನ್ಯ ರಿಜಿಸ್ಟರ್‌ಗಳಿವೆ. ರಿಜಿಸ್ಟರ್ ಎಂದ ಕೂಡಲೇ ಕಚೇರಿಯ ದಪ್ಪ ಪುಸ್ತಕ ನೆನಪಿಗೆ ಬಂದರೆ ಅದನ್ನು ಬದಿಗಿಡಿ. ಇಲ್ಲಿ ರಿಜಿಸ್ಟರ್ ಎಂದರೆ ಪ್ರೊಸೆಸರ್‌ನ ಕೈಯಳತೆಯಲ್ಲೇ ಇರುವ ಪುಟ್ಟ ಗೂಡು, ಒಂದರಲ್ಲಿ ಒಂದೇ ಸಂಖ್ಯೆ. ಕರಾರಿನ ಪ್ರಕಾರ ಮೊದಲ ಎಂಟು ಪೂರ್ಣಾಂಕಗಳು ಎಕ್ಸ್-0ರಿಂದ ಎಕ್ಸ್-7ರವರೆಗಿನ ಗೂಡುಗಳಲ್ಲಿ ಹೋಗಬೇಕು. ಒಂಬತ್ತನೆಯದು ಮೆಮೊರಿಯ ‘ಸ್ಟ್ಯಾಕ್’ ಎಂಬ ರಾಶಿಯಲ್ಲಿ. ದಶಮಾಂಶ ಸಂಖ್ಯೆಗಳಿಗೆ ಬೇರೆಯೇ ಸಾಲಿನ ಗೂಡುಗಳು. ಉತ್ತರ ಎಕ್ಸ್-0ರಲ್ಲಿ ವಾಪಸ್ ಬರಬೇಕು. ಮರಳಿ ಹೋಗಬೇಕಾದ ವಿಳಾಸ ಎಕ್ಸ್-30ರಲ್ಲಿ. ಹಳೆಯ 32 ಬಿಟ್ ಆರ್ಮ್‌ನಲ್ಲಿ ಎಂಟರ ಬದಲು ನಾಲ್ಕೇ ಗೂಡು.

ಈ ಗೂಡುಗಳ ಮೇಲೆ ಹೆಸರು ಬರೆದಿರುವುದಿಲ್ಲ ಎಂಬುದು ಇಲ್ಲಿನ ಮುಖ್ಯ ಮಾತು. ಎಕ್ಸ್-2ರಲ್ಲಿ 3000 ಇದ್ದರೆ ಅದು ದರವೋ, ತೂಕವೋ, ಮೆಮೊರಿಯ ವಿಳಾಸವೋ ಪ್ರೊಸೆಸರ್‌ಗೆ ತಿಳಿಯದು. ಕೊಟ್ಟವರು ಮತ್ತು ಪಡೆದವರು ಒಂದೇ ಕರಾರು ಓದಿದ್ದರೆ ಮಾತ್ರ ಅದಕ್ಕೆ ಅರ್ಥ.

ಅಣ್ಣನ ಫೋನ್, ತಮ್ಮನ ಫೋನ್

ಈಗ ನಿಜವಾದ ಒಂದು ದೋಷಕ್ಕೆ ಬರೋಣ. ಮಾಮೂಲಿ ಜೆಎನ್‌ಐ ಕರೆಯಲ್ಲಿ ವರ್ಚುವಲ್ ಮಷೀನ್ ನಿಮ್ಮ ಮಾಹಿತಿಯ ಮುಂದೆ ತನ್ನ ಎರಡು ಸಾಮಾನು ಸೇರಿಸುತ್ತದೆ. ಎಕ್ಸ್-0ರಲ್ಲಿ ವರ್ಚುವಲ್ ಮಷೀನ್‌ನ ಜೊತೆ ಮಾತಾಡಲು ಬೇಕಾದ ವಿಳಾಸ, ಎಕ್ಸ್-1ರಲ್ಲಿ ಕರೆದ ಕ್ಲಾಸಿನ ಗುರುತು. ನಿಮ್ಮ ಸಂಖ್ಯೆಗಳು ಶುರುವಾಗುವುದು ಎಕ್ಸ್-2ರಿಂದ. ಪ್ರತಿ ಸಲ ಈ ಎರಡನ್ನು ಹೊತ್ತು ಹೋಗುವುದು ಸಣ್ಣ ಕೆಲಸಗಳಿಗೆ ದಂಡ ಎಂದು ಆಂಡ್ರಾಯ್ಡ್ 8ರಲ್ಲಿ ‘ಕ್ರಿಟಿಕಲ್‌ನೇಟಿವ್’ ಎಂಬ ಗುರುತು ತಂದರು. ಅದನ್ನು ಹಚ್ಚಿದ ಫಂಕ್ಷನ್‌ಗೆ ಆ ಎರಡು ಸಾಮಾನು ಕೊಡುವುದಿಲ್ಲ. ಸಂಖ್ಯೆಗಳು ನೇರವಾಗಿ ಎಕ್ಸ್-0ರಿಂದಲೇ ಶುರು. ಮೊದಲು ಇದು ಫೋನಿನ ಒಳ ವ್ಯವಸ್ಥೆಯ ಬಳಕೆಗೆ ಮಾತ್ರ ಇತ್ತು. ಎಲ್ಲ ಆ್ಯಪ್‌ಗಳೂ ಬಳಸಬಹುದಾದ ಅಧಿಕೃತ ಸೌಲಭ್ಯವಾದದ್ದು ಆಂಡ್ರಾಯ್ಡ್ 14ರಲ್ಲಿ.

ತೊಂದರೆ ಹಳೆಯ ಫೋನಿನಲ್ಲಿ. ಆಂಡ್ರಾಯ್ಡ್ 7 ಮತ್ತು ಅದಕ್ಕಿಂತ ಹಿಂದಿನ ಆವೃತ್ತಿಗಳಿಗೆ ಈ ಗುರುತು ಏನೆಂದೇ ಗೊತ್ತಿಲ್ಲ. ಅವು ಅದನ್ನು ಕಡೆಗಣಿಸಿ ಹಳೆಯ ಪದ್ಧತಿಯಂತೆ ಎರಡು ಸಾಮಾನು ಮುಂದೆ ಸೇರಿಸಿಯೇ ಕೊಡುತ್ತವೆ. ಪಡೆಯುವ ಕೋಡ್ ಮಾತ್ರ ಹೊಸ ಕರಾರಿನಂತೆ ಓದುತ್ತದೆ.

ಒಂದು ಕಲ್ಪಿತ ಲೆಕ್ಕ ನೋಡಿ. ಕಬ್ಬಿನ ಬಿಲ್ಲು ಲೆಕ್ಕ ಹಾಕುವ ಆ್ಯಪ್ ಎಂದುಕೊಳ್ಳೋಣ. ಸದಸ್ಯ ಸಂಖ್ಯೆ 412, ತೂಕ 18 ಟನ್, ದರ ಟನ್ನಿಗೆ 3000 ರೂಪಾಯಿ. ಅಣ್ಣನ ಹೊಸ ಫೋನಿನಲ್ಲಿ ಎಕ್ಸ್-0ರಲ್ಲಿ 412, ಎಕ್ಸ್-1ರಲ್ಲಿ 18, ಎಕ್ಸ್-2ರಲ್ಲಿ 3000. ಗುಣಿಸಿದರೆ 54,000 ರೂಪಾಯಿ. ಸರಿಯಾಗಿದೆ. ತಮ್ಮನ ಹಳೆಯ ಫೋನಿನಲ್ಲಿ ಎಕ್ಸ್-0ರಲ್ಲಿ ಯಾವುದೋ ವಿಳಾಸ, ಎಕ್ಸ್-1ರಲ್ಲಿ ಕ್ಲಾಸಿನ ಗುರುತು, ಎಕ್ಸ್-2ರಲ್ಲಿ 412. ನಿಜವಾದ ತೂಕ ಮತ್ತು ದರ ಎಕ್ಸ್-3, ಎಕ್ಸ್-4ರಲ್ಲಿ ಕುಳಿತಿವೆ, ಅವನ್ನು ಕೇಳುವವರೇ ಇಲ್ಲ. ಕೋಡ್ ಪಾಪ, ಸದಸ್ಯ ಸಂಖ್ಯೆಯನ್ನು ದರ ಎಂದುಕೊಂಡು, ಕ್ಲಾಸಿನ ಗುರುತನ್ನು ತೂಕ ಎಂದುಕೊಂಡು ಗುಣಿಸುತ್ತದೆ. ಬರುವ ಮೊತ್ತಕ್ಕೆ ತಲೆಬುಡ ಇರುವುದಿಲ್ಲ. ಅಷ್ಟಕ್ಕೇ ನಿಲ್ಲದೆ ಎಕ್ಸ್-0ರಲ್ಲಿದ್ದ ಬೃಹತ್ ಸಂಖ್ಯೆಯನ್ನು ಸದಸ್ಯ ಸಂಖ್ಯೆ ಎಂದು ನಂಬಿ ಪಟ್ಟಿಯಲ್ಲಿ ಅಷ್ಟನೇ ಸಾಲು ಹುಡುಕಲು ಹೊರಟರೆ, ಮೆಮೊರಿಯಲ್ಲಿ ತನ್ನದಲ್ಲದ ಜಾಗಕ್ಕೆ ಕಾಲಿಡುತ್ತದೆ. ಆಪರೇಟಿಂಗ್ ಸಿಸ್ಟಂ ಆ ಕ್ಷಣವೇ ಆ್ಯಪನ್ನು ಕೊಂದುಹಾಕುತ್ತದೆ. ನಿಮಗೆ ಕಾಣುವುದು ‘ಆ್ಯಪ್ ನಿಂತುಹೋಗಿದೆ’.

ಗಮನಿಸಿ: ಇಲ್ಲಿ ಆ್ಯಪ್ ನಿಂತದ್ದೇ ಒಳ್ಳೆಯದಾಯಿತು. ನಿಲ್ಲದೆ ತಪ್ಪು ಮೊತ್ತ ತೋರಿಸಿದ್ದರೆ ಅದು ಹೆಚ್ಚು ಅಪಾಯ. ಬೇರೆ ಆ್ಯಪಿನ ಮೆಮೊರಿಗೆ ಕೈಹಾಕದಂತೆ ತಡೆಯುವ ಬೇಲಿ ಕೆಲಸ ಮಾಡಿದೆ ಎಂಬುದಕ್ಕೆ ಈ ಕ್ರ್ಯಾಶ್ ಸಾಕ್ಷಿ. ಫಾರ್ವರ್ಡ್ ಹೇಳುವುದಕ್ಕೆ ಇದು ತದ್ವಿರುದ್ಧ.

ಇದಕ್ಕೆ ಪರಿಹಾರ ಏನು? ಹಳೆಯ ಆವೃತ್ತಿಗಳಿಗೂ ಆ್ಯಪ್ ಕೊಡುವವರು ಆ ಗುರುತನ್ನೇ ತೆಗೆದುಹಾಕಬೇಕು, ಇಲ್ಲವೇ ಹಳೆಯದಕ್ಕೊಂದು ಹೊಸದಕ್ಕೊಂದು ಎಂದು ಎರಡು ಫಂಕ್ಷನ್ ಇಟ್ಟು ಆವೃತ್ತಿ ನೋಡಿ ಕರೆಯಬೇಕು. ಇನ್ನೊಂದು ತೊಡಕೂ ಇದೆ. ಇಂಥ ಫಂಕ್ಷನ್ ಎಲ್ಲಿದೆ ಎಂದು ವರ್ಚುವಲ್ ಮಷೀನ್ ತಾನೇ ಹುಡುಕಿಕೊಳ್ಳುವುದು ಆಂಡ್ರಾಯ್ಡ್ 12ರಿಂದ ಮಾತ್ರ. 8ರಿಂದ 11ರವರೆಗಿನ ಆವೃತ್ತಿಗಳಲ್ಲಿ ಅದರ ವಿಳಾಸವನ್ನು ಮೊದಲೇ ನೋಂದಾಯಿಸಿ ಕೊಡಬೇಕು. ಇದೆಲ್ಲ ಗೂಗಲ್‌ನ ಡೆವಲಪರ್ ದಾಖಲೆಯಲ್ಲಿದೆ. ಆದರೆ ಡೆವಲಪರ್ ಮೇಜಿನ ಮೇಲೆ ಇರುವುದು ಹೊಸ ಫೋನ್ ಮಾತ್ರವಾಗಿದ್ದರೆ ತೊಂದರೆ ಅಲ್ಲಿ ಕಾಣುವುದೇ ಇಲ್ಲ. ಕಾಣುವುದು ಏಳೆಂಟು ವರ್ಷದ ಫೋನನ್ನು ಇನ್ನೂ ಜೋಪಾನವಾಗಿ ಬಳಸುವವರಿಗೆ. ನಮ್ಮ ಅಭಿಪ್ರಾಯದಲ್ಲಿ ಇಂಥ ದೋಷಗಳ ಭಾರ ಯಾವಾಗಲೂ ಬೀಳುವುದು ದುಬಾರಿ ಫೋನ್ ಕೊಳ್ಳಲಾಗದವರ ಮೇಲೆ. ‘ಫೋನ್ ಬದಲಾಯಿಸಿ’ ಎನ್ನುವುದು ಸುಲಭದ ಉತ್ತರ, ನ್ಯಾಯದ ಉತ್ತರವಲ್ಲ.

ಪಾತ್ರೆ ತೊಳೆದು ಕೊಡುವವರು ಯಾರು?

ಗುಡಿಯ ದೊಡ್ಡ ಪಾತ್ರೆಗಳನ್ನು ಮದುವೆಗೆ ತರುವ ರೂಢಿ ಹಲವು ಊರುಗಳಲ್ಲಿದೆ. ತಂದವರು ತೊಳೆದು, ಎಣಿಸಿ, ಇದ್ದ ಹಾಗೇ ವಾಪಸ್ ಇಡಬೇಕು. ಕರೆಯುವ ಕರಾರಿನಲ್ಲೂ ಇಂಥದೇ ನಿಯಮ ಇದೆ. ಆರ್ಮ್‌ನಲ್ಲಿ ಎಕ್ಸ್-19ರಿಂದ ಎಕ್ಸ್-28ರವರೆಗಿನ ಗೂಡುಗಳನ್ನು ಕರೆಸಿಕೊಂಡವರು ಬಳಸಬಹುದು, ಆದರೆ ಮರಳುವ ಮುನ್ನ ಮೊದಲಿದ್ದ ಸಂಖ್ಯೆಯನ್ನೇ ಅಲ್ಲಿ ಇಟ್ಟು ಹೋಗಬೇಕು. ಎಕ್ಸ್-9ರಿಂದ ಎಕ್ಸ್-15ರವರೆಗಿನವು ಹಾಗಲ್ಲ. ಅವು ಎಂಜಲೆಲೆ ಇದ್ದಂತೆ, ವಾಪಸ್ ಕೇಳುವಂತಿಲ್ಲ.

ಈ ನಿಯಮ ಮುರಿದರೆ ಆಗುವ ತೊಂದರೆ ಇನ್ನೂ ಕುತಂತ್ರಿ. 64 ಬಿಟ್ ಆರ್ಮ್‌ನಲ್ಲಿ ಓಡುವ ಆರ್ಟ್ ವರ್ಚುವಲ್ ಮಷೀನ್ ಸದ್ಯ ನಡೆಯುತ್ತಿರುವ ಥ್ರೆಡ್‌ನ ವಿಳಾಸವನ್ನು ಎಕ್ಸ್-19ರಲ್ಲೇ ಇಟ್ಟುಕೊಂಡಿರುತ್ತದೆ. ಕೈಯಿಂದ ಬರೆದ ಅಸೆಂಬ್ಲಿ ಕೋಡ್ ಒಂದು ಆ ಗೂಡನ್ನು ಕೆಡಿಸಿ ಮರಳಿತು ಎಂದುಕೊಳ್ಳಿ. ಆ ಕೋಡ್ ತನ್ನ ಕೆಲಸ ಸರಿಯಾಗಿಯೇ ಮುಗಿಸಿದೆ, ಉತ್ತರವೂ ಸರಿ. ಅದಾದ ಮೇಲೆ ವರ್ಚುವಲ್ ಮಷೀನ್ ತಾನು ಯಾವ ಥ್ರೆಡ್‌ನಲ್ಲಿದ್ದೇನೆ ಎಂದು ನೋಡಿಕೊಳ್ಳಲು ಹೋದಾಗ ಕುಸಿಯುತ್ತದೆ. ಹೆಣ ಬಿದ್ದದ್ದು ಒಂದು ಕಡೆ, ಕೊಲೆಯಾದದ್ದು ಇನ್ನೊಂದು ಕಡೆ. ದೂರು ವರ್ಚುವಲ್ ಮಷೀನ್ ಮೇಲೆ ದಾಖಲಾಗುತ್ತದೆ, ತಪ್ಪು ಮಾಡಿದ ತುಣುಕು ಪಟ್ಟಿಯಲ್ಲೇ ಇರುವುದಿಲ್ಲ.

ಸ್ಟ್ಯಾಕ್ ತೆರವು ಮಾಡುವುದರಲ್ಲೂ ಇಂಥ ಜಗಳ ಇದೆ. 32 ಬಿಟ್‌ನ ವಿಂಡೋಸ್ ಕಂಪ್ಯೂಟರುಗಳಲ್ಲಿ ಎರಡು ಪದ್ಧತಿ ಒಟ್ಟಿಗೆ ಬಳಕೆಯಲ್ಲಿದ್ದವು. ಒಂದರಲ್ಲಿ ಕರೆದವರು ಸ್ಟ್ಯಾಕ್ ತೆರವು ಮಾಡಬೇಕು, ಇನ್ನೊಂದರಲ್ಲಿ ಕರೆಸಿಕೊಂಡವರು. ಎರಡೂ ಕಡೆಯವರು ತೆರವು ಮಾಡಿದರೆ ಬೇರೆಯವರ ಸಾಮಾನು ಹೋಗುತ್ತದೆ. ಯಾರೂ ಮಾಡದಿದ್ದರೆ ಪ್ರತಿ ಕರೆಗೂ ನಾಲ್ಕೋ ಎಂಟೋ ಬೈಟ್ ಕಸ ಉಳಿಯುತ್ತ ಹೋಗುತ್ತದೆ. ಒಂದೆರಡು ಸಲ ಕರೆದಾಗ ಗೊತ್ತಾಗುವುದಿಲ್ಲ. ಸಾವಿರಾರು ಸಲ ಸುತ್ತುವ ಲೂಪಿನಲ್ಲಿ ಒಂದು ಹೊತ್ತಿಗೆ ರಾಶಿ ಕುಸಿಯುತ್ತದೆ. ‘ಬೆಳಿಗ್ಗೆ ನಡೆಯುತ್ತದೆ, ಮಧ್ಯಾಹ್ನದ ಹೊತ್ತಿಗೆ ನಿಲ್ಲುತ್ತದೆ’ ಎಂಬ ವಿಚಿತ್ರ ದೂರುಗಳ ಹಿಂದೆ ಇಂಥದ್ದೂ ಒಂದು ಕಾರಣ ಇರಬಹುದು.

ಇಲ್ಲಿಯೇ ಸಿಕ್ಕಿದ್ದ ಗಡಿ

2012ರ ಏಪ್ರಿಲ್‌ನಲ್ಲಿ ಲಾವಾ ಕಂಪನಿ ಭಾರತದಲ್ಲಿ ಕ್ಸೋಲೊ ಎಕ್ಸ್900 ಎಂಬ ಫೋನ್ ತಂದಿತು. ಇಂಟೆಲ್‌ನ ಆಟಮ್ ಪ್ರೊಸೆಸರ್ ಇದ್ದ ಮೊದಲ ಸ್ಮಾರ್ಟ್‌ಫೋನ್ ಅದು, ಬಿಡುಗಡೆಯಾದದ್ದು ನಮ್ಮ ದೇಶದಲ್ಲೇ. ಆಗ ಆ್ಯಪ್‌ಗಳ ನೇಟಿವ್ ಕೋಡ್ ಬಹುತೇಕ ಆರ್ಮ್‌ಗಾಗಿ ಬರೆದದ್ದು. ಇಂಟೆಲ್ ಫೋನಿನಲ್ಲಿ ಅದನ್ನು ಓಡಿಸಲು ನಡುವೆ ಒಂದು ಅನುವಾದಕ ತಂತ್ರಾಂಶ ಇಟ್ಟರು. ಬರೀ ಆದೇಶಗಳನ್ನು ಅನುವಾದಿಸಿದರೆ ಸಾಲದು. 32 ಬಿಟ್ ಆರ್ಮ್ ಮೊದಲ ನಾಲ್ಕು ಸಂಖ್ಯೆಗಳನ್ನು ಗೂಡುಗಳಲ್ಲಿ ಕೊಡುತ್ತದೆ. 32 ಬಿಟ್ ಇಂಟೆಲ್‌ನ ಮಾಮೂಲಿ ಪದ್ಧತಿ ಎಲ್ಲವನ್ನೂ ಸ್ಟ್ಯಾಕ್ ಮೇಲಿಡುತ್ತದೆ. ಹಾಗಾಗಿ ಗಡಿ ದಾಟುವ ಪ್ರತಿ ಕರೆಗೂ ಸಾಮಾನು ಇಳಿಸಿ, ಬೇರೆ ಗಾಡಿಗೆ ಹೇರಿ ಕಳಿಸಬೇಕಿತ್ತು. ಸಂಕೇಶ್ವರದಿಂದ ಮಹಾರಾಷ್ಟ್ರದ ಕಡೆ ಮೆಣಸಿನಕಾಯಿ ಸಾಗಿಸಿದವರಿಗೆ ಗಡಿಯಲ್ಲಿ ಕಾಗದ ಬದಲಾಯಿಸುವುದು ಎಂದರೇನು ಎಂದು ಬಿಡಿಸಿ ಹೇಳಬೇಕಿಲ್ಲ.

ಎಂಟು ವರ್ಷದ ನಂತರ, 2020ರ ನವೆಂಬರ್‌ನಲ್ಲಿ, ಆಪಲ್ ತನ್ನ ಕಂಪ್ಯೂಟರುಗಳಿಗೆ ಎಂ1 ಚಿಪ್ ತಂದಾಗ ಇದೇ ಕಥೆ ಬೇರೆ ವೇಷದಲ್ಲಿ ಬಂತು. ಎಷ್ಟು ಮಾಹಿತಿ ಬರುತ್ತದೆ ಎಂದು ಮೊದಲೇ ಗೊತ್ತಿರದ ಕೆಲವು ಫಂಕ್ಷನ್‌ಗಳಿರುತ್ತವೆ. ಪರದೆಗೆ ಅಕ್ಷರ ಮುದ್ರಿಸುವ ಪ್ರಿಂಟ್‌ಎಫ್ ಅದಕ್ಕೆ ಹೆಸರುವಾಸಿ ಉದಾಹರಣೆ. ಆರ್ಮ್‌ನ ಸಾಮಾನ್ಯ ಕರಾರಿನಲ್ಲಿ ಆ ಹೆಚ್ಚುವರಿ ಮಾಹಿತಿಯೂ ಗೂಡುಗಳಲ್ಲೇ ಹೋಗುತ್ತದೆ. ಆಪಲ್‌ನಲ್ಲಿ ಮಾತ್ರ ಅದು ಯಾವಾಗಲೂ ಸ್ಟ್ಯಾಕ್ ಮೇಲೆ. ಸಿ ಭಾಷೆಯ ಫಂಕ್ಷನ್‌ಗಳನ್ನು ಓಡುತ್ತಿರುವಾಗಲೇ ಹುಡುಕಿ ಕರೆಯುವ ವರ್ಚುವಲ್ ಮಷೀನ್‌ಗಳು ಈ ವ್ಯತ್ಯಾಸವನ್ನು ನೋಡಿಕೊಳ್ಳದಿದ್ದರೆ ಸಂಖ್ಯೆಯ ಜಾಗದಲ್ಲಿ ಕಸ ಮುದ್ರಣವಾಗುತ್ತದೆ. 64 ಬಿಟ್ ಐಫೋನ್‌ಗಳಲ್ಲಿ ಈ ನಿಯಮ ಮೊದಲಿಂದಲೂ ಇತ್ತು. ಆದರೆ ಕಂಪ್ಯೂಟರಿನ ತಂತ್ರಾಂಶ ಬರೆಯುವ ಬಹಳ ಜನ ಅದನ್ನು ಎದುರಿಸಿರಲಿಲ್ಲ.

ವೀರಗಲ್ಲು ಓದಿದ ಹಾಗೆ

ಇಂಥ ದೋಷ ಹಿಡಿಯುವುದು ಹೇಗೆ? ನೇಟಿವ್ ಕೋಡ್ ಕುಸಿದಾಗ ಆಂಡ್ರಾಯ್ಡ್ ಒಂದು ದಾಖಲೆ ಬರೆದಿಡುತ್ತದೆ. ಅದರ ಹೆಸರು ಟೂಂಬ್‌ಸ್ಟೋನ್, ಅಂದರೆ ಸಮಾಧಿಕಲ್ಲು. ನಮ್ಮ ಕಡೆಯವರು ವೀರಗಲ್ಲು ಎಂದಿಟ್ಟುಕೊಳ್ಳಬಹುದು. ವೀರಗಲ್ಲಿನಂತೆಯೇ ಅದರಲ್ಲೂ ಸತ್ತವರು ಯಾರು, ಎಲ್ಲಿ, ಹೇಗೆ ಎಂಬ ವಿವರವಿರುತ್ತದೆ: ಆ್ಯಪಿನ ಹೆಸರು, ‘ಸಿಗ್ನಲ್ 11’ ಎಂಬ ಕಾರಣ, ಮುಟ್ಟಬಾರದೆ ಮುಟ್ಟಿದ ವಿಳಾಸ, ಆ ಕ್ಷಣದಲ್ಲಿ ಒಂದೊಂದು ಗೂಡಿನಲ್ಲಿದ್ದ ಸಂಖ್ಯೆ, ಯಾರು ಯಾರನ್ನು ಕರೆದರು ಎಂಬ ಸರಪಳಿ.

ಸಂಖ್ಯೆಗಳೆಲ್ಲ ಹದಿನಾರರ ಎಣಿಕೆಯಲ್ಲಿರುತ್ತವೆ. ನಮ್ಮ ಕಬ್ಬಿನ ಲೆಕ್ಕದಲ್ಲಿ 412 ಎಂಬುದು 19ಸಿ ಎಂದೂ, 18 ಎಂಬುದು 12 ಎಂದೂ, 3000 ಎಂಬುದು ಬಿಬಿ8 ಎಂದೂ ಕಾಣುತ್ತದೆ. ಎಕ್ಸ್-2ರಲ್ಲಿ 19ಸಿ, ಎಕ್ಸ್-3ರಲ್ಲಿ 12, ಎಕ್ಸ್-4ರಲ್ಲಿ ಬಿಬಿ8 ಎಂದು ನೋಡಿದ ಅನುಭವಿ ಎಂಜಿನಿಯರ್‌ಗೆ ಎಲ್ಲವೂ ಎರಡು ಮನೆ ಮುಂದೆ ಸರಿದಿವೆ ಎಂದು ಹೊಳೆಯುತ್ತದೆ. ಎರಡು ಎಂದ ಕೂಡಲೇ ಸೇರಿದ ಆ ಎರಡು ಸಾಮಾನು ಯಾವುವು ಎಂಬ ಗುಮಾನಿ ಬರುತ್ತದೆ. ಆ ಗೂಡುಗಳ ಮೇಲೆ ಅಷ್ಟರಲ್ಲಿ ಬೇರೇನಾದರೂ ಬರೆದಿದ್ದರೆ ಈ ಸುಳಿವು ಸಿಗುವುದಿಲ್ಲ, ಆಗ ಕೆಲಸ ಉದ್ದವಾಗುತ್ತದೆ.

ಗುಮಾನಿ ಖಾತ್ರಿ ಮಾಡಿಕೊಳ್ಳುವ ಉಪಾಯ ಬಹಳ ಸರಳ, ನಮಗೆ ಇಷ್ಟವಾದದ್ದೂ ಹೌದು. ಹತ್ತು ಮಾಹಿತಿ ಪಡೆಯುವ ಒಂದು ಪುಟ್ಟ ಫಂಕ್ಷನ್ ಬರೆದು, ಅದಕ್ಕೆ 1ರಿಂದ 10ರವರೆಗಿನ ಅಂಕಿಗಳನ್ನು ಸಾಲಾಗಿ ಕೊಡುತ್ತಾರೆ. ಆ ಕಡೆ ಯಾವ ಜಾಗದಲ್ಲಿ ಯಾವ ಅಂಕಿ ಬಂತು ಎಂದು ಮುದ್ರಿಸುತ್ತಾರೆ. ಹತ್ತೇ ಯಾಕೆಂದರೆ ಗೂಡುಗಳು ಎಂಟು. ಕೊನೆಯ ಎರಡು ಸ್ಟ್ಯಾಕ್‌ಗೆ ಹೋಗಲೇಬೇಕು, ಅಲ್ಲಿನ ತಪ್ಪೂ ಬಯಲಾಗುತ್ತದೆ. ಆಮೇಲೆ ನಡುನಡುವೆ ದಶಮಾಂಶ ಸಂಖ್ಯೆ ಸೇರಿಸಿ ಮತ್ತೆ ನೋಡುತ್ತಾರೆ. ಪಾತ್ರೆ ವಾಪಸ್ ಬಂತೇ ಎಂಬ ಪರೀಕ್ಷೆಗೆ ಎಕ್ಸ್-19ರಿಂದ ಎಕ್ಸ್-28ರವರೆಗೆ ಗುರುತು ಹಿಡಿಯಬಹುದಾದ ಸಂಖ್ಯೆಗಳನ್ನು ತುಂಬಿ, ಕರೆದು, ಮರಳಿದ ಮೇಲೆ ಅವೇ ಇವೆಯೇ ಎಂದು ಹೋಲಿಸುತ್ತಾರೆ. ಮದುವೆ ಮುಗಿದ ಮೇಲೆ ಪಾತ್ರೆಯ ತಳದಲ್ಲಿ ಕೊರೆದ ಹೆಸರು ನೋಡಿ ಎಣಿಸಿಕೊಂಡ ಹಾಗೆ.

ವಾರಗಟ್ಟಲೆ ಹುಡುಕಿದ ಮೇಲೆ ತಿದ್ದುವುದು ಎಷ್ಟೋ ಸಲ ಒಂದೇ ಸಾಲು. ಆದರೆ ಆ ಒಂದು ಸಾಲು ತಿದ್ದಬೇಕಾದದ್ದು ಆ್ಯಪಿನ ಮೂಲ ಕೋಡಿನಲ್ಲಿ ಅಥವಾ ವರ್ಚುವಲ್ ಮಷೀನ್‌ನಲ್ಲಿ. ತಿದ್ದಿದ ಮೇಲೆ ಹೊಸದಾಗಿ ಕಂಪೈಲ್ ಮಾಡಿ, ತಮ್ಮ ಡಿಜಿಟಲ್ ಸಹಿ ಹಾಕಿ, ಅಪ್‌ಡೇಟ್ ಆಗಿ ಕಳಿಸಬೇಕು. ಆ ಸಹಿ ಇಲ್ಲದ ಬೇರೆ ಯಾರೂ ನಿಮ್ಮ ಫೋನಿನಲ್ಲಿರುವ ಆ್ಯಪನ್ನು ಹೊರಗಿನಿಂದ ತಿದ್ದಲಾರರು, ಆಂಡ್ರಾಯ್ಡ್ ಬಿಡುವುದಿಲ್ಲ.

ಹಾಗಾದರೆ ಆ ಫಾರ್ವರ್ಡ್?

ಈಗ ಆ ಸಂದೇಶಕ್ಕೆ ಮರಳೋಣ. ‘ಈ ಫೈಲ್ ಹಾಕಿಕೊಂಡರೆ ಎಲ್ಲ ಆ್ಯಪ್ ಸರಿಯಾಗುತ್ತದೆ’ ಎಂಬ ಮಾತು ಸುಳ್ಳು ಎಂದು ಹೇಳಲು ಮೇಲಿನ ಒಂದೇ ಕಾರಣ ಸಾಕು. ಗುಂಪಿನಲ್ಲಿ ಬರುವ ಎಪಿಕೆ ಫೈಲ್ ಹೊಸತೊಂದು ಆ್ಯಪ್ ಆಗಿ ಕುಳಿತುಕೊಳ್ಳುತ್ತದೆಯೇ ಹೊರತು ಕೆಟ್ಟದ್ದನ್ನು ರಿಪೇರಿ ಮಾಡುವುದಿಲ್ಲ. ಕುಳಿತ ಮೇಲೆ ಅದು ಕೇಳುವುದು ಎಸ್‌ಎಂಎಸ್ ಓದುವ ಅನುಮತಿ. ಅದು ಸಿಕ್ಕರೆ ಬ್ಯಾಂಕಿನ ಒಟಿಪಿ ಅವರ ಕೈಯಲ್ಲಿ. ಪಿಎಂ ಕಿಸಾನ್ ಹೆಸರಿನಲ್ಲಿ, ಟ್ರಾಫಿಕ್ ದಂಡದ ಚಲನ್ ಹೆಸರಿನಲ್ಲಿ ಇಂಥ ಫೈಲ್‌ಗಳು ಓಡಾಡಿವೆ, ಪೊಲೀಸರೂ ಬ್ಯಾಂಕುಗಳೂ ಎಚ್ಚರಿಸಿದ್ದಾರೆ. ಫೋನ್ ಹ್ಯಾಕ್ ಆಗಿಲ್ಲದಿದ್ದರೂ ಈ ಫೈಲ್ ಹಾಕಿಕೊಂಡ ಮೇಲೆ ಆಗಬಹುದು.

ನ್ಯಾಯಕ್ಕೆ ಇನ್ನೊಂದು ಮಾತನ್ನೂ ಹೇಳಬೇಕು. ಎಲ್ಲ ಫಾರ್ವರ್ಡ್‌ಗಳೂ ಸುಳ್ಳಲ್ಲ. 2021ರ ಮಾರ್ಚ್ 23ರಂದು ಇಲ್ಲಿನ ಎಷ್ಟೋ ಆಂಡ್ರಾಯ್ಡ್ ಫೋನುಗಳಲ್ಲಿ ಜಿಮೇಲ್ ಸೇರಿದಂತೆ ಹಲವು ಆ್ಯಪ್‌ಗಳು ಏಕಕಾಲಕ್ಕೆ ನಿಂತವು. ಜಗತ್ತಿನಾದ್ಯಂತ ಅದೇ ಗತಿ. ಕಾರಣ ಆಂಡ್ರಾಯ್ಡ್ ಸಿಸ್ಟಂ ವೆಬ್‌ವ್ಯೂ ಎಂಬ ಹಂಚಿಕೆಯ ಘಟಕದಲ್ಲಿದ್ದ ದೋಷ. ಅದು ಕರೆಯುವ ಕರಾರಿನ ದೋಷವಲ್ಲ, ಬೇರೆ ಬಗೆಯದು. ಆಗ ‘ವೆಬ್‌ವ್ಯೂನ ಅಪ್‌ಡೇಟ್ ತೆಗೆದುಹಾಕಿ’ ಎಂದು ಹರಿದಾಡಿದ ಸಲಹೆ ತಾತ್ಕಾಲಿಕವಾಗಿ ಕೆಲಸ ಮಾಡಿತು. ಆಮೇಲೆ ಗೂಗಲ್ ವೆಬ್‌ವ್ಯೂ ಮತ್ತು ಕ್ರೋಮ್‌ಗೆ ಸರಿಪಡಿಸಿದ ಅಪ್‌ಡೇಟ್ ಕೊಟ್ಟಿತು. ವ್ಯತ್ಯಾಸ ಗಮನಿಸಿ: ಆ ಸಲಹೆ ಫೋನಿನ ಸೆಟ್ಟಿಂಗ್ಸ್‌ನಲ್ಲೇ ಇದ್ದ ಗುಂಡಿಯನ್ನು ಒತ್ತಲು ಹೇಳಿತ್ತು. ಹೊರಗಿನ ಫೈಲ್ ಹಾಕಲು ಹೇಳಿರಲಿಲ್ಲ.

ಆ್ಯಪ್ ನಿಂತರೆ ಮೊದಲು ಪ್ಲೇ ಸ್ಟೋರ್‌ನಲ್ಲಿ ಅದಕ್ಕೆ ಅಪ್‌ಡೇಟ್ ಬಂದಿದೆಯೇ ನೋಡಿ. ಫೋನ್ ಒಮ್ಮೆ ಆರಿಸಿ ಹಚ್ಚಿ. ಜಾಗ ತುಂಬಿದ್ದರೆ ಖಾಲಿ ಮಾಡಿ. ಆ್ಯಪ್ ಅಳಿಸಿ ಮತ್ತೆ ಹಾಕುವ ಮುನ್ನ ಅದರೊಳಗಿನ ಫೋಟೊ, ದಾಖಲೆ ಬೇರೆ ಕಡೆ ಇವೆಯೇ ಎಂದು ಖಚಿತಪಡಿಸಿಕೊಳ್ಳಿ. ಅಳಿಸಿದ ಮೇಲೆ ಅಯ್ಯೋ ಎಂದರೆ ಬರುವುದಿಲ್ಲ.

ಯುಪಿಐ ಮೂಲಕ ದುಡ್ಡು ಕಳಿಸುತ್ತಿರುವಾಗಲೇ ಆ್ಯಪ್ ನಿಂತರೆ ಗಾಬರಿಯಲ್ಲಿ ಕೂಡಲೇ ಇನ್ನೊಮ್ಮೆ ಕಳಿಸಬೇಡಿ. ವ್ಯವಹಾರ ನಡೆಯುವುದು ಬ್ಯಾಂಕುಗಳ ಸರ್ವರ್‌ಗಳ ನಡುವೆ, ನಿಮ್ಮ ಫೋನಿನ ಗೂಡುಗಳಲ್ಲಿ ಅಲ್ಲ. ಆ್ಯಪ್ ಸತ್ತರೂ ಅದು ಮುಗಿದಿರಬಹುದು. ಹಿಸ್ಟರಿ ಅಥವಾ ಬ್ಯಾಂಕಿನ ಸಂದೇಶ ನೋಡಿ. ನಿಮ್ಮ ಖಾತೆಯಿಂದ ಹೋಗಿ ಎದುರಿನವರಿಗೆ ಸೇರದಿದ್ದರೆ ರಿಸರ್ವ್ ಬ್ಯಾಂಕ್ 2019ರ ಸೆಪ್ಟೆಂಬರ್ 20ರ ಸುತ್ತೋಲೆಯಲ್ಲಿ ಗಡುವು ಹಾಕಿದೆ: ವ್ಯಕ್ತಿಗೆ ಕಳಿಸಿದ್ದಾದರೆ ಮರುದಿನದೊಳಗೆ, ಅಂಗಡಿಗೆ ಕಟ್ಟಿದ್ದಾದರೆ ಐದು ದಿನದೊಳಗೆ ಹಣ ತಾನಾಗಿ ವಾಪಸ್ ಬರಬೇಕು. ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ. ಅಪರಿಚಿತ ಎಪಿಕೆ ಈಗಾಗಲೇ ಹಾಕಿಕೊಂಡು ದುಡ್ಡು ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಿ.

ಆ್ಯಪ್ ಮಾಡಿದವರಿಗೆ ದೂರು ಕೊಡುವವರು ‘ನಿಮ್ಮ ಆ್ಯಪ್ ಸರಿ ಇಲ್ಲ’ ಎಂದಷ್ಟೇ ಬರೆದು ಒಂದು ಸ್ಟಾರ್ ಒತ್ತಿದರೆ ಅವರಿಗೆ ಸುಳಿವು ಸಿಗುವುದಿಲ್ಲ. ಫೋನಿನ ಮಾಡೆಲ್, ಸೆಟ್ಟಿಂಗ್ಸ್‌ನ ‘ಫೋನ್ ಬಗ್ಗೆ’ ವಿಭಾಗದಲ್ಲಿರುವ ಆಂಡ್ರಾಯ್ಡ್ ಆವೃತ್ತಿಯ ಸಂಖ್ಯೆ, ಯಾವ ಗುಂಡಿ ಒತ್ತಿದಾಗ ನಿಂತಿತು, ಪ್ರತಿ ಸಲವೂ ಹಾಗೇ ಆಗುತ್ತದೆಯೇ ಎಂಬ ನಾಲ್ಕು ವಿವರ ಬರೆಯಿರಿ. ‘ಅಣ್ಣನ ಆಂಡ್ರಾಯ್ಡ್ 13ರ ಫೋನಿನಲ್ಲಿ ನಡೆಯುತ್ತದೆ, ನನ್ನ ಆಂಡ್ರಾಯ್ಡ್ 7ರಲ್ಲಿ ಇಲ್ಲ’ ಎಂಬ ಒಂದು ಸಾಲಿನಿಂದ ವಾರದ ಹುಡುಕಾಟ ಒಂದು ದಿನಕ್ಕೆ ಇಳಿಯಬಹುದು. ಕ್ರ್ಯಾಶ್ ಆದಾಗ ಫೋನ್ ‘ವರದಿ ಕಳಿಸಲೇ?’ ಎಂದು ಕೇಳಿದರೆ ಹೂಂ ಎನ್ನಿ. ಕುಸಿದ ಜಾಗದ ವಿವರ ಡೆವಲಪರ್‌ಗೆ ತಲುಪುವುದು ಆ ದಾರಿಯಲ್ಲೇ.